ಎಂಟನೇ ಹಾಡಿನ ಕರಕರ: ಅಗ್ಗದ ಮರುಬಿಡುಗಡೆಯೊಂದರ ಪ್ರಕರಣ ಅಧ್ಯಯನ

ಇದು ನಾನು ಹತ್ತಿರದಿಂದ ನೋಡಿದ ಒಂದು ಪ್ರಕರಣ. ಯಾರದು ಅಂತ ಗೊತ್ತಾಗಬಾರದೆಂದು ಊರು, ಮನೆ, ಸಂಬಂಧಗಳ ಕೆಲವು ವಿವರ ಬದಲಿಸಿದ್ದೇನೆ. ಡಬ್ಬಿಯ ಮೇಲಿದ್ದ ಕಂಪನಿಯ ಹೆಸರನ್ನೂ ಬರೆಯುವುದಿಲ್ಲ. ಪ್ರಕರಣದ ಮುಖ್ಯ ವ್ಯಕ್ತಿಯನ್ನು ಮೇಷ್ಟ್ರು ಅಂತ ಕರೆಯುತ್ತೇನೆ. ಹಳೆಯ ಹಾಡುಗಳನ್ನು ಅಗ್ಗದ ಸಿಡಿ ಸೆಟ್ಟುಗಳಲ್ಲಿ ಕೊಳ್ಳುವವರಿಗೆ ಇದು ಉಪಯೋಗಕ್ಕೆ ಬರಲಿ ಅನ್ನುವುದು ನನ್ನ ಆಸೆ.

ಹಿನ್ನೆಲೆ

ಮೇಷ್ಟ್ರಿಗೆ 70 ದಾಟಿದೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಕಾಲೇಜು ಓದುವಾಗ ಬೆಂಗಳೂರಿನ ಕಂಟೋನ್ಮೆಂಟ್ ಕಡೆ ಒಂದು ಔಟ್‌ಹೌಸಿನಲ್ಲಿ ಬಾಡಿಗೆಗಿದ್ದರು. ಮನೆ ಮಾಲೀಕರ ಹತ್ತಿರ ರೇಡಿಯೋಗ್ರಾಂ ಇತ್ತು, ಒಂದಿಷ್ಟು ಇಂಗ್ಲಿಷ್ ಎಲ್‌ಪಿ ಪ್ಲೇಟುಗಳಿದ್ದವು. ರಾತ್ರಿ ಊಟ ಆದ ಮೇಲೆ ಅವರು ಹಾಕುತ್ತಿದ್ದದ್ದು ಹೆಚ್ಚಾಗಿ ಒಂದೇ ಪ್ಲೇಟು. ಅಮೆರಿಕದ ಗಾಯಕ ಫ್ರಾಂಕ್ ಸಿನಾಟ್ರಾ ಅವರ ‘ಇನ್ ದ ವೀ ಸ್ಮಾಲ್ ಅವರ್ಸ್’. ಪದಗಳು ಅರ್ಧ ಅರ್ಥವಾಗುತ್ತಿದ್ದವಂತೆ, ದನಿ ಮಾತ್ರ ಪೂರ್ತಿ ಅರ್ಥವಾಗುತ್ತಿತ್ತಂತೆ. ಅವರು ಹೇಳಿದ ಮಾತೇ ಇದು.

ಈ ಆಲ್ಬಂ ಬಗ್ಗೆ ಸ್ವಲ್ಪ ಹೇಳಲೇಬೇಕು, ಮುಂದೆ ಗಂಟು ಬಿಚ್ಚುವುದು ಇದರಿಂದಲೇ. 1955ರಲ್ಲಿ ಕ್ಯಾಪಿಟಲ್ ಕಂಪನಿ ಬಿಡುಗಡೆ ಮಾಡಿದ್ದು. ವಾದ್ಯ ಸಂಯೋಜನೆ ನೆಲ್ಸನ್ ರಿಡ್ಲ್ ಅವರದು. ಹಾಲಿವುಡ್‌ನ ಕೆಎಚ್‌ಜೆ ಸ್ಟುಡಿಯೋದಲ್ಲಿ ಮೋನೋದಲ್ಲಿ, ಅಂದರೆ ಎಡ ಬಲ ಅಂತ ಬೇರೆ ಮಾಡದೆ, ರೆಕಾರ್ಡ್ ಆಯಿತು. ಒಟ್ಟು 16 ಹಾಡು. 12 ಇಂಚಿನ ಎಲ್‌ಪಿಯಲ್ಲಿ ಒಂದೊಂದು ಮಗ್ಗುಲಿಗೆ ಎಂಟೆಂಟು. ಎಲ್ಲವೂ ನಿಧಾನದ, ನಡುರಾತ್ರಿಯ ಹಾಡುಗಳು. ಮೊದಲ ಹಾಡು ಸೆಲೆಸ್ಟಾ ಅನ್ನುವ ವಾದ್ಯದಿಂದ ಶುರುವಾಗುತ್ತದೆ. ನೋಡಲು ಪುಟ್ಟ ಪಿಯಾನೋ, ಒಳಗೆ ತಂತಿಯ ಬದಲು ಲೋಹದ ಪಟ್ಟಿಗಳು. ಮುಟ್ಟಿದರೆ ಕಂಚಿನ ಸಣ್ಣ ಗಂಟೆಗಳ ಹಾಗೆ ಉಲಿಯುತ್ತದೆ. ಆಮೇಲೆ ತಂತಿವಾದ್ಯಗಳು, ಅದರ ಮೇಲೆ ಮೈಕಿಗೆ ತೀರಾ ಹತ್ತಿರ ನಿಂತ ಒಂದು ದನಿ. ಇಂಥ ಸಂಗೀತದಲ್ಲಿ ಮುಚ್ಚಿಡಲು ಏನೂ ಇರುವುದಿಲ್ಲ. ಉಸಿರು ಕೂಡ ಹಾಡಿನ ಭಾಗ.

ಎರಡು ವರ್ಷದ ಹಿಂದೆ ಮೇಷ್ಟ್ರ ಹುಟ್ಟುಹಬ್ಬಕ್ಕೆ ನೆದರ್‌ಲ್ಯಾಂಡ್ಸ್‌ನಲ್ಲಿರುವ ಮಗಳು ಒಂದು ಸಿಡಿ ಡಬ್ಬಿ ತಂದುಕೊಟ್ಟಳು. ನಾಲ್ಕು ಸಿಡಿ, ಎಂಟು ಆಲ್ಬಂ. ಮೊದಲ ಸಿಡಿಯಲ್ಲಿ ಇದೇ ‘ಇನ್ ದ ವೀ ಸ್ಮಾಲ್ ಅವರ್ಸ್’. ಒಂದು ಹೊತ್ತಿನ ಹೋಟೆಲ್ ಊಟಕ್ಕಿಂತ ಕಡಿಮೆ ದುಡ್ಡಿಗೆ ಸಿಕ್ಕಿತ್ತು. ಅಷ್ಟು ಅಗ್ಗಕ್ಕೆ ಸಿಗಲು ಕಾರಣ ಯುರೋಪಿನ ಕಾನೂನು. ಅಲ್ಲಿ ಮೊದಲು ಧ್ವನಿಮುದ್ರಣದ ಹಕ್ಕು 50 ವರ್ಷಕ್ಕೆ ಮುಗಿಯುತ್ತಿತ್ತು. 2011ರಲ್ಲಿ ಅದನ್ನು 70ಕ್ಕೆ ಏರಿಸಿ, 2013ರಿಂದ ಜಾರಿಗೆ ತಂದರು. ಆದರೆ 1963ಕ್ಕೆ ಮೊದಲು ಬಿಡುಗಡೆಯಾದವು ಅಷ್ಟರಲ್ಲಿ ಹಕ್ಕಿನಿಂದ ಹೊರಗೆ ಬಂದಾಗಿತ್ತು. ಅವು ಹಾಗೇ ಉಳಿದವು. ಹಾಗಾಗಿ 1950ರ ದಶಕದ ಗಾಯಕರನ್ನು ಅಲ್ಲಿ ಯಾರು ಬೇಕಾದರೂ ಮರುಬಿಡುಗಡೆ ಮಾಡಬಹುದು. ಅಂದಹಾಗೆ ನಮ್ಮ ದೇಶದಲ್ಲಿ ಈ ಅವಧಿ 60 ವರ್ಷ.

ಇಲ್ಲಿ ಜನ ಗಮನಿಸದ ಒಂದು ಮಾತಿದೆ. ಕಾನೂನು ಹಕ್ಕನ್ನು ಬಿಡುಗಡೆ ಮಾಡುತ್ತದೆ, ಟೇಪನ್ನಲ್ಲ. ಮೂಲ ಮಾಸ್ಟರ್ ಟೇಪ್ ಹಳೆಯ ಕಂಪನಿಯ ಉಗ್ರಾಣದಲ್ಲೇ ಇರುತ್ತದೆ. ಅಗ್ಗದ ಸೆಟ್ಟು ಮಾಡುವವರ ಕೈಗೆ ಸಿಗುವುದು ಅಂಗಡಿಯಲ್ಲಿ ನಮ್ಮ ಕೈಗೂ ಸಿಗುವಂಥದ್ದೇ. ಹಳೆಯ ಎಲ್‌ಪಿ, ಇಲ್ಲವೇ ಯಾರೋ ಮೊದಲು ಮಾಡಿದ ಸಿಡಿ.

ತೊಂದರೆ ಶುರುವಾದದ್ದು

ಮೊದಲ ದಿನವೇ ಮೇಷ್ಟ್ರಿಗೆ ಏನೋ ಸರಿಯಿಲ್ಲ ಅನ್ನಿಸಿತು. ಸೆಲೆಸ್ಟಾದ ಮೇಲೆ ಯಾರೋ ಒದ್ದೆ ಪಂಚೆ ಹೊದಿಸಿದ ಹಾಗಿತ್ತು. ದನಿ ಜೋರಾಗಿತ್ತು, ಆದರೆ ಹತ್ತಿರ ಇರಲಿಲ್ಲ. ಕೆಲವು ಕಡೆ ‘ಸ’, ‘ಶ’ ಬಂದಾಗ ಹಲ್ಲು ಜುಮ್ಮೆನ್ನುತ್ತಿತ್ತು.

ಮಗಳು ಪ್ರೀತಿಯಿಂದ ತಂದದ್ದು. ಅದರಲ್ಲಿ ದೋಷ ಹುಡುಕಲು ಅವರ ಮನಸ್ಸು ಒಪ್ಪಲಿಲ್ಲ. ಹಾಗಾಗಿ ಸಿಡಿ ಒಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಅನುಮಾನಿಸಿದರು. ಸಿಡಿ ಪ್ಲೇಯರ್ ರಿಪೇರಿಗೆ ಕೊಟ್ಟು ಲೆನ್ಸ್ ಒರೆಸಿಸಿದರು. ವೈರ್ ಬದಲಾಯಿಸಿದರು. ಆಂಪ್ಲಿಫೈಯರಿನಲ್ಲಿ ಟ್ರೆಬಲ್ ಏರಿಸಿದರು. ಸೆಲೆಸ್ಟಾ ಸ್ವಲ್ಪ ಕಾಣಿಸಿಕೊಂಡಿತು, ಜೊತೆಗೆ ‘ಸ’ ಸೂಜಿಯಾಯಿತು. ಕೊನೆಗೆ ಪಿಂಚಣಿ ದುಡ್ಡಿನಲ್ಲಿ ಹೊಸ ಸ್ಪೀಕರ್ ಜೋಡಿ ತಂದರು. ಹೊಸ ಸ್ಪೀಕರಿನಲ್ಲಿ ತೊಂದರೆ ಇನ್ನೂ ಚೆನ್ನಾಗಿ ಕೇಳಿಸಿತು.

ಆಮೇಲೆ ಅವರು ಬಂದು ಮುಟ್ಟಿದ ತೀರ್ಮಾನ ನನಗೆ ಈಗಲೂ ನೋವು ಕೊಡುತ್ತದೆ. “ನನ್ನ ಕಿವೀನೇ ಹೋಯ್ತು ಕಣಪ್ಪ” ಅಂದರು. ಹಾಡು ಕೇಳುವುದನ್ನೇ ಬಿಟ್ಟರು. ನಾಲ್ಕು ತಿಂಗಳು ಮ್ಯೂಸಿಕ್ ಸಿಸ್ಟಂ ಮೇಲೆ ಬಟ್ಟೆ ಮುಚ್ಚಿತ್ತು.

ಮನೆಯವರ ಒತ್ತಾಯಕ್ಕೆ ಕಿವಿ ಪರೀಕ್ಷೆ ಮಾಡಿಸಿದರು. ವರದಿ ಅವರ ವಯಸ್ಸಿಗೆ ಮಾಮೂಲಿನದೇ. 4,000 ಹರ್ಟ್ಜ್‌ನಿಂದ (ಸೆಕೆಂಡಿಗೆ 4,000 ಕಂಪನ) ಮೇಲೆ ಇಳಿಯುತ್ತಾ ಹೋಗಿತ್ತು, ಕೆಳಗೆ ಚೆನ್ನಾಗಿತ್ತು. ಅವರು ಇಳಿದ ಭಾಗವನ್ನಷ್ಟೇ ನೋಡಿ ತಲೆಯಾಡಿಸಿದರು. ಆದರೆ ಮನುಷ್ಯನ ದನಿಯ ಬಹುಪಾಲು ತಿರುಳು ಇರುವುದು 4,000ದ ಕೆಳಗೇ. ವಯಸ್ಸಾದವರು ಅತಿ ಏರು ಸ್ಥಾಯಿಯ ಸದ್ದುಗಳನ್ನು ಕಳೆದುಕೊಳ್ಳುತ್ತಾರೆ ನಿಜ. ಹಾಗಂತ ಹಾಡುಗಾರಿಕೆಯ ಗುಣ ಅಳೆಯುವ ಶಕ್ತಿ ಹೋಗುವುದಿಲ್ಲ. ಐವತ್ತು ವರ್ಷ ಕೇಳಿ ಪಳಗಿದ ಕಿವಿ, ಕೇಳಿಸುವ ಭಾಗದಿಂದಲೇ ಬೇಕಾದಷ್ಟು ತಿಳಿದುಕೊಳ್ಳುತ್ತದೆ.

ನಾನು ಸೇರಿಕೊಂಡ ಮೇಲೆ

ಹಳೆಯ ಪ್ಲೇಟು, ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಕೆಲಸ ನನಗೆ ಗೊತ್ತು. ಯಾರೋ ಹೇಳಿ ಅವರ ಮನೆಗೆ ಹೋದೆ. ಮೊದಲ ಭೇಟಿಯಲ್ಲಿ ನಾನೂ ತಪ್ಪು ದಾರಿ ಹಿಡಿದೆ. ರೆಡ್ ಆಕ್ಸೈಡ್ ನೆಲ, ಬೋಳು ಗೋಡೆ, ಎತ್ತರದ ತಾರಸಿ ನೋಡಿ, ಕೋಣೆಯೇ ಕಾರಣ ಅಂದುಬಿಟ್ಟೆ. ಜಮಖಾನ ಹಾಸಿಸಿದೆ, ದಪ್ಪ ಪರದೆ ಹಾಕಿಸಿದೆ. ಮಾತಾಡಿದರೆ ಪ್ರತಿಧ್ವನಿ ಕಡಿಮೆಯಾಯಿತು. ಸಿನಾಟ್ರಾ ಹಾಗೇ ಇದ್ದರು. ಸಿಡಿಯನ್ನು ಬೇರೆ ಕಡೆ ಹಾಕಿ ಕೇಳುವ ಕೆಲಸ ಐದು ನಿಮಿಷದ್ದು. ಅದನ್ನು ಮೊದಲು ಮಾಡಬೇಕಿತ್ತು, ನಾನು ಮಾಡಲಿಲ್ಲ.

ದಾರಿ ತೋರಿಸಿದ್ದು ಮೇಷ್ಟ್ರ ಮನೆಯವರು. ಅವರು ಚಿಕ್ಕಂದಿನಲ್ಲಿ ಸುಗಮ ಸಂಗೀತ ಕಲಿತವರು. ಇಂಗ್ಲಿಷ್ ಹಾಡುಗಳ ಗೋಜಿಗೆ ಹೋದವರಲ್ಲ. ಕಾಫಿ ತಂದಿಟ್ಟು ಬಾಗಿಲ ಹತ್ತಿರ ನಿಂತು ಎರಡು ಹಾಡು ಕೇಳಿದರು. ಆಮೇಲೆ ಅಂದರು: “ಇವರು ಎಲ್ಲೂ ಉಸಿರೇ ತಗೊಳಲ್ಲ ಅಲ್ವಾ? ಸಾಲು ಮುಗಿದ ತಕ್ಷಣ ಬಾಗಿಲು ಮುಚ್ಚಿದ ಹಾಗಾಗುತ್ತೆ.”

ಮತ್ತೆ ಹಾಕಿ ಕೇಳಿದೆ. ಅವರು ಹೇಳಿದ್ದು ಅಕ್ಷರಶಃ ಸರಿ. ಸಾಲಿನ ಕೊನೆಯ ಪದ ಆರುವ ಮೊದಲೇ ಹಿಂದಿನ ಗಾಳಿಯೆಲ್ಲ ಖಾಲಿಯಾಗುತ್ತಿತ್ತು. ದನಿ ಬಂದಾಗ ಟೇಪಿನ ಸುಯ್ಯೆನ್ನುವ ಸದ್ದು ಬರುತ್ತಿತ್ತು, ದನಿ ನಿಂತರೆ ಅದೂ ನಿಲ್ಲುತ್ತಿತ್ತು. ಟೇಪಿನ ಸದ್ದು ಹಾಗೆ ಬಂದು ಹೋಗುವುದಿಲ್ಲ, ಮಳೆಯ ಹಾಗೆ ಒಂದೇ ಸಮ ಇರುತ್ತದೆ. ಬಂದು ಹೋಗುತ್ತಿದೆ ಅಂದರೆ ಸದ್ದು ತೆಗೆಯುವ ಸಾಫ್ಟ್‌ವೇರನ್ನು ಯಾರೋ ಜೋರಾಗಿ ಓಡಿಸಿದ್ದಾರೆ. ಆ ಸಾಫ್ಟ್‌ವೇರಿಗೆ ಗಾಯಕನ ಉಸಿರೂ ಸುಯ್, ಟೇಪೂ ಸುಯ್. ಎರಡನ್ನೂ ಒರೆಸಿಹಾಕುತ್ತದೆ.

ಅಂದರೆ ತೊಂದರೆ ಡಬ್ಬಿಯೊಳಗೇ ಇತ್ತು. ಅದನ್ನು ಮೇಷ್ಟ್ರಿಗೆ ತೋರಿಸಿಕೊಡಬೇಕಿತ್ತು. ಸುಮ್ನೆ ಬಾಯಲ್ಲಿ ಹೇಳಿದರೆ ಅವರು ನಂಬುವವರಲ್ಲ.

ಹೋಲಿಕೆ, ಮತ್ತು ಒಂದು ಎಡವಟ್ಟು

ಗೆಳೆಯರೊಬ್ಬರ ಹತ್ತಿರ ಮೂಲ ಕಂಪನಿಯೇ ಹಿಂದೆ ಹೊರತಂದ ಇದೇ ಆಲ್ಬಮ್ಮಿನ ಹಳೆಯ ಸಿಡಿ ಇತ್ತು. ಅದನ್ನು ತಂದೆ. ಒಂದು ಸಂಜೆ ಐದು ಜನ ಕೂತೆವು. ಯಾವುದು ಯಾವ ಸಿಡಿ ಅಂತ ಹೇಳದೆ ಮೂರು ಹಾಡು ಎರಡೆರಡು ಸಲ ಹಾಕಿದೆವು. ನಾಲ್ಕು ಜನ ಅಗ್ಗದ ಡಬ್ಬಿಯ ಸಿಡಿಯೇ ಚೆನ್ನಾಗಿದೆ ಅಂದರು. ಮೇಷ್ಟ್ರು ಕೂಡ! ನನಗೆ ಮಾತೇ ಹೊರಡಲಿಲ್ಲ.

ಮನೆಗೆ ಬಂದು ಎರಡನ್ನೂ ಅಳೆದೆ. ಡಬ್ಬಿಯ ಸಿಡಿ ಸುಮಾರು 5 ಡೆಸಿಬೆಲ್ ಜೋರಾಗಿತ್ತು. ಒಂದೇ ಹಾಡು ಎರಡು ಸಲ ಕೇಳಿದಾಗ, ಜೋರಾಗಿರುವುದೇ ಚೆನ್ನಾಗಿದೆ ಅಂತ ನಮ್ಮ ಕಿವಿ ಮೊದಲ ಕ್ಷಣಕ್ಕೆ ಒಪ್ಪಿಬಿಡುತ್ತದೆ. ಇದು ಎಲ್ಲರಿಗೂ ಆಗುತ್ತದೆ. ಹೀಗೆ ಜೋರು ಮಾಡಬೇಕಾದರೆ ಹಾಡಿನ ಮೆಲುದನಿಯನ್ನು ಮೇಲೆತ್ತಿ, ಏರುದನಿಯ ತುದಿಯನ್ನು ಒತ್ತಿಡುತ್ತಾರೆ. ಅಂಗಡಿಯಲ್ಲಿ ಅರ್ಧ ನಿಮಿಷ ಕೇಳಿದವರಿಗೆ ಹಿಡಿಸುತ್ತದೆ. ಮನೆಯಲ್ಲಿ ಮುಕ್ಕಾಲು ಗಂಟೆ ಕೇಳಿದವರಿಗೆ ತಲೆನೋವು.

ಮುಂದಿನ ವಾರ ಎರಡರ ಮಟ್ಟವನ್ನೂ ಸಮ ಮಾಡಿ, ಅದೇ ಐದು ಜನರನ್ನು ಕೂರಿಸಿದೆ. ಅದೇ ಮೂರು ಹಾಡು. ಈ ಸಲ ಐವರೂ ಹಳೆಯ ಸಿಡಿಯನ್ನೇ ಆರಿಸಿದರು. ಮೊದಲ ಹಾಡಿನ ಸೆಲೆಸ್ಟಾ ಬಂದಾಗ ಮೇಷ್ಟ್ರು ಕಣ್ಣು ಮುಚ್ಚಿದವರು ಹಾಡು ಮುಗಿಯುವವರೆಗೂ ತೆರೆಯಲಿಲ್ಲ. ಒಂದೊಂದು ಪೆಟ್ಟೂ ಹೊಳೆದು, ನಿಧಾನಕ್ಕೆ ಆರಿ, ಆರಿದ ಜಾಗದಲ್ಲಿ ಸ್ಟುಡಿಯೋದ ಗಾಳಿ ಹಾಗೇ ಉಳಿಯುತ್ತಿತ್ತು. ದನಿ ಶುರುವಾಗುವ ಮೊದಲು ಒಂದು ಸಣ್ಣ ಉಸಿರು. ಬಾಗಿಲ ಹತ್ತಿರ ನಿಂತಿದ್ದ ಅವರ ಮನೆಯವರು “ಹಾಂ, ಈಗ” ಅಂದರು.

ಮಟ್ಟ ಸಮ ಮಾಡದೆ ಹೋಲಿಸಿದ ಆ ಮೊದಲ ಸಂಜೆಗೇ ನಾವು ನಿಲ್ಲಿಸಿದ್ದರೆ, ಮೇಷ್ಟ್ರು ತಮ್ಮ ಕಿವಿಯನ್ನು ಶಾಶ್ವತವಾಗಿ ಬೈದುಕೊಂಡು ಕೂರುತ್ತಿದ್ದರು. ಇಡೀ ಪ್ರಕರಣದಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸಿದ ಜಾಗ ಇದು.

ಎಲ್ಲಿಂದ ಬಂತು ಈ ಸದ್ದು?

ಕೇಳಿ ಗೊತ್ತಾಯಿತು, ಸರಿ. ಕಾರಣ ಬೇಕು ಅಂದರು ಮೇಷ್ಟ್ರು. ಗಣಿತದವರು, ಲೆಕ್ಕದ ಮೆಟ್ಟಿಲು ತೋರಿಸದೆ ಉತ್ತರ ಒಪ್ಪುವುದಿಲ್ಲ.

ಎರಡೂ ಸಿಡಿಗಳನ್ನು ಕಂಪ್ಯೂಟರಿಗೆ ಹಾಕಿ ‘ಆಡಾಸಿಟಿ’ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ತೆರೆದೆವು. ಮೊದಲು ಎಡ ಬಲ ಪರೀಕ್ಷೆ. ಮೋನೋ ರೆಕಾರ್ಡಿಂಗ್ ಅಂದರೆ ಎಡದಲ್ಲೂ ಬಲದಲ್ಲೂ ಒಂದೇ ಸದ್ದು. ಒಂದನ್ನು ತಲೆಕೆಳಗು ಮಾಡಿ ಇನ್ನೊಂದಕ್ಕೆ ಕೂಡಿಸಿದರೆ ಏನೂ ಉಳಿಯಬಾರದು. “ಐದಕ್ಕೆ ಮೈನಸ್ ಐದು” ಅಂದರು ಮೇಷ್ಟ್ರು. ಹಳೆಯ ಸಿಡಿಯಲ್ಲಿ ಹೆಚ್ಚುಕಡಿಮೆ ಸೊನ್ನೆಯೇ ಬಂತು, ಸ್ವಲ್ಪ ಟೇಪಿನ ಸುಯ್ ಬಿಟ್ಟರೆ. ಡಬ್ಬಿಯ ಸಿಡಿಯಲ್ಲಿ ಉಳಿದದ್ದು ಚಟಪಟ. ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ. ಜೊತೆಗೆ ಗುರ್ ಅನ್ನುವ ಕೆಳಗಿನ ಸದ್ದು. ಟೇಪು ಹಾಗೆ ಚಟಪಟ ಅನ್ನುವುದಿಲ್ಲ. ಅದು ಎಲ್‌ಪಿ. ಪ್ಲೇಟಿನ ಗೀರಿನ ಎರಡು ಗೋಡೆಗಳಲ್ಲಿ ಧೂಳೂ ಸವೆತವೂ ಬೇರೆ ಬೇರೆ, ಹಾಗಾಗಿ ಮೋನೋ ಪ್ಲೇಟನ್ನು ಸ್ಟೀರಿಯೋ ಮುಳ್ಳಿನಲ್ಲಿ ಓದಿದರೆ ಕೊಳೆ ಮಾತ್ರ ಎರಡು ಬದಿಗೆ ಬೇರೆಯಾಗಿ ಬರುತ್ತದೆ. ಇಲ್ಲಿ ಒಂದು ಎಚ್ಚರಿಕೆ. ಎಲ್‌ಪಿಯಿಂದ ತೆಗೆದದ್ದನ್ನೂ ಪೂರ್ತಿ ಮೋನೋ ಮಾಡಿ ಸಿಡಿಗೆ ಹಾಕಿದ್ದರೆ ಈ ಪರೀಕ್ಷೆಯಲ್ಲಿ ಸೊನ್ನೆ ಬರುತ್ತದೆ. ಸೊನ್ನೆ ಬಂತು ಅಂತ ಟೇಪೇ ಅನ್ನಲಾಗದು. ಚಟಪಟ ಬಂದರೆ ಮಾತ್ರ ಅನುಮಾನ ಬೇಡ.

ಇನ್ನೊಂದು ಸುಳಿವು ನನಗೆ ತುಂಬಾ ಹಿಡಿಸಿತು. ಡಬ್ಬಿಯ ಸಿಡಿಯ ಗ್ರಾಫಿನಲ್ಲಿ, ಹಾಡು ಶುರುವಾಗುವ ಮೊದಲಿನ ಅರ್ಧ ಸೆಕೆಂಡಿನಲ್ಲಿ 50 ಹರ್ಟ್ಜ್‌ ಹತ್ತಿರ ಒಂದು ಸಣ್ಣ ಗುಡ್ಡೆ ಕಾಣಿಸಿತು. ಕರೆಂಟಿನ ಗುಂಯ್‌ಗುಡುವಿಕೆ. ಅಮೆರಿಕದಲ್ಲಿ ಕರೆಂಟು 60 ಹರ್ಟ್ಜ್. ಹಾಲಿವುಡ್‌ನಲ್ಲಿ ರೆಕಾರ್ಡ್ ಆದ ಹಾಡಿಗೆ 50 ಹರ್ಟ್ಜ್ ಅಂಟಿಕೊಳ್ಳಬೇಕಾದರೆ, ಯುರೋಪಿನ ಹಾಗೆ 50 ಹರ್ಟ್ಜ್ ಇರುವ ಯಾವುದೋ ಊರಿನಲ್ಲಿ, ಯಾರೋ ಪ್ಲೇಟು ಹಾಕಿ ತುಂಬಿಕೊಂಡಿರಬೇಕು.

ಆದರೆ ಗಂಟು ಪೂರ್ತಿ ಬಿಚ್ಚಿದ್ದು ಮೇಷ್ಟ್ರೇ. ಅವರು ಹಳೆಯ ಅಭ್ಯಾಸದಂತೆ ಒಂದು ನೋಟ್‌ಬುಕ್ಕಿನಲ್ಲಿ 16 ಹಾಡುಗಳ ಪಟ್ಟಿ ಬರೆದು, ‘ಸ’ ಎಷ್ಟು ಚುಚ್ಚುತ್ತದೆ ಅಂತ ಹತ್ತಕ್ಕೆ ಅಂಕ ಹಾಕಿದ್ದರು. ಒಂದನೇ ಹಾಡಿಗೆ 2. ನಾಲ್ಕನೆಯದಕ್ಕೆ 3. ಏಳಕ್ಕೆ 6. ಎಂಟಕ್ಕೆ 8. ಒಂಬತ್ತನೆಯದಕ್ಕೆ ಮತ್ತೆ 2. ಆಮೇಲೆ ಏರುತ್ತಾ ಹೋಗಿ ಹದಿನಾರಕ್ಕೆ 8. “ಎಂಟರಿಂದ ಒಂಬತ್ತಕ್ಕೆ ಹೀಗ್ಯಾಕೆ ಧೊಪ್ಪಂತ ಇಳೀತು?” ಅಂತ ಕೇಳಿದರು. ಪುಟ ನೋಡಿ ನನ್ನ ಮೈ ಜುಂ ಅಂತು.

ಎಲ್‌ಪಿ ತಿರುಗುವ ವೇಗ ನಿಮಿಷಕ್ಕೆ 33⅓ ಸುತ್ತು, ಮೊದಲಿನಿಂದ ಕೊನೆಯವರೆಗೂ ಅಷ್ಟೇ. ಆದರೆ ಹೊರ ಅಂಚಿನ ಸುತ್ತು ದೊಡ್ಡದು, ಒಳಗಿನದು ಚಿಕ್ಕದು. ಹೊರಗೆ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೀರು ಓಡುತ್ತದೆ. ಲೇಬಲ್ಲಿನ ಹತ್ತಿರ ಬಂದಾಗ ಬರೀ 21 ಸೆಂಟಿಮೀಟರ್‌ನಷ್ಟು. ಅಷ್ಟೇ ಸದ್ದನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಬೇಕು. ಸಣ್ಣ ಅಲೆಗಳನ್ನು ಮುಳ್ಳು ಸರಿಯಾಗಿ ಓದಲಾಗದೆ ಕರಕರ ಅನ್ನುತ್ತದೆ, ‘ಸ’ದಲ್ಲಿ ಅದು ಎಲ್ಲಕ್ಕಿಂತ ಮೊದಲು ಕೇಳಿಸುತ್ತದೆ. ಒಂದು ಮಗ್ಗುಲಿಗೆ ಎಂಟು ಹಾಡು ಅಂದೆನಲ್ಲ. ಎಂಟನೆಯದು ಮೊದಲ ಮಗ್ಗುಲಿನ ಕೊನೆಯ ಹಾಡು. ಒಂಬತ್ತನೆಯದಕ್ಕೆ ಪ್ಲೇಟು ಮಗುಚಿದ್ದಾರೆ, ಮುಳ್ಳು ಮತ್ತೆ ಹೊರ ಅಂಚಿಗೆ ಬಂದಿದೆ. ಹದಿನಾರಕ್ಕೆ ಎರಡನೇ ಮಗ್ಗುಲೂ ಮುಗಿಯಿತು. ಸಿಡಿಗೆ ಮಗ್ಗುಲೇ ಇಲ್ಲ, ಆದರೂ ಮೇಷ್ಟ್ರ ಕಿವಿ ಅದರಲ್ಲಿ ಎಲ್‌ಪಿಯ ಮಗ್ಗುಲು ಎಲ್ಲಿ ಬದಲಾಯಿತು ಅಂತ ಕರಾರುವಾಕ್ಕಾಗಿ ಕಂಡುಹಿಡಿದಿತ್ತು. “ಕಿವಿ ಹೋಯ್ತು ಅಂದ್ರಲ್ಲ ಮೇಷ್ಟ್ರೇ” ಅಂದೆ. ಅವರು ಆ ಪುಟವನ್ನೇ ನೋಡುತ್ತಾ ತುಂಬಾ ಹೊತ್ತು ಕೂತಿದ್ದರು.

ಅದೇ ಡಬ್ಬಿ, ಬೇರೆ ಕಥೆ

ಇಷ್ಟಕ್ಕೆ ಡಬ್ಬಿ ಕೆಟ್ಟದ್ದು ಅಂತ ತೀರ್ಮಾನಿಸಬಹುದಿತ್ತು. ಪುಣ್ಯಕ್ಕೆ ನಾವು ಮಿಕ್ಕ ಸಿಡಿಗಳನ್ನೂ ಕೇಳಿದೆವು. ಎರಡನೇ ಸಿಡಿಯಲ್ಲಿದ್ದ 1956ರ ಆಲ್ಬಂ ಅಚ್ಚರಿಯಷ್ಟು ಚೆನ್ನಾಗಿತ್ತು. ಉಸಿರಿತ್ತು, ಗಾಳಿಯಿತ್ತು. ಮೂಲ ಕಂಪನಿಯ ಹಳೆಯ ಸಿಡಿಯೊಂದನ್ನು ಪಕ್ಕದಲ್ಲಿಟ್ಟು, ಮಟ್ಟ ಸರಿ ಮಾಡಿ, ಒಂದರಿಂದ ಇನ್ನೊಂದನ್ನು ಕಳೆದೆ. ಹೆಚ್ಚುಕಡಿಮೆ ನಿಶ್ಶಬ್ದ. ಹಾಡುಗಳ ನಡುವಿನ ಬಿಡುವು ಕೂಡ ಅಷ್ಟಷ್ಟೇ. ಅಂದರೆ ಆ ಸಿಡಿಯನ್ನೇ ನೇರವಾಗಿ ನಕಲು ಮಾಡಿದ್ದರು.

ಇದು ನನಗೆ ಖುಷಿಯ ವಿಷಯವಲ್ಲ. ಮೂಲ ಟೇಪನ್ನು ಹುಡುಕಿ, ಯಂತ್ರ ಹೊಂದಿಸಿ, ಕೂತು ಕೇಳಿ ಆ ವರ್ಗಾವಣೆ ಮಾಡಿದ ಇಂಜಿನಿಯರ್ ಯಾರೋ ಒಬ್ಬರಿದ್ದಾರೆ. ಡಬ್ಬಿಯಲ್ಲಿ ಅವರ ಹೆಸರು ಎಲ್ಲೂ ಇಲ್ಲ. ಕೇಳುಗರಿಗೆ ಲಾಭವಾಯಿತು, ದುಡಿದವರಿಗೆ ಒಂದು ಸಾಲಿನ ಗೌರವವೂ ಸಿಗಲಿಲ್ಲ.

ಮೂರನೇ ಸಿಡಿಯ ಒಂದು ಆಲ್ಬಂ ಇನ್ನೂ ಬೇರೆ ಥರ. ಮೂಲ ಮೋನೋ ಆದರೂ ಎಡದಲ್ಲಿ ಬರೀ ಮಂದ್ರ, ಬಲದಲ್ಲಿ ಬರೀ ತಾರ, ನಡುವೆ ದನಿ ತೂಗಾಡುತ್ತಿತ್ತು. ಇದು 1960ರ ದಶಕದ ಹಳೆಯ ಖಾಯಿಲೆ. ಸ್ಟೀರಿಯೋ ಹುಚ್ಚು ಹತ್ತಿದಾಗ ಕ್ಯಾಪಿಟಲ್ ಕಂಪನಿ ‘ಡ್ಯುಯೋಫೋನಿಕ್’ ಅನ್ನುವ ಹೆಸರಿನಲ್ಲಿ ಹಳೆಯ ಮೋನೋ ಆಲ್ಬಮ್ಮುಗಳನ್ನು ಹೀಗೆ ಎರಡು ಹೋಳು ಮಾಡಿ, ಒಂದನ್ನು ಚೂರು ತಡ ಮಾಡಿ ಮಾರಿತು. ಸೆಟ್ಟು ಮಾಡಿದವರ ಕೈಗೆ ಅಂಥದೊಂದು ಪ್ಲೇಟು ಸಿಕ್ಕಿರಬೇಕು. ಒಂದೇ ಡಬ್ಬಿ, ಒಂದೇ ಬೆಲೆ, ಮೂರು ಜಾತಿಯ ಸದ್ದು.

ಏನು ಮಾಡಿದೆವು

ಮೇಷ್ಟ್ರು ಮೊದಲು ಕೇಳಿದ್ದು, ಇದನ್ನೇ ಕಂಪ್ಯೂಟರಿನಲ್ಲಿ ಸರಿ ಮಾಡಬಹುದಾ ಅಂತ. ಎರಡು ಸಂಜೆ ಪ್ರಯತ್ನಿಸಿದೆ. ‘ಸ’ವನ್ನು ತುಸು ಮೆತ್ತಗೆ ಮಾಡಬಹುದು. ಒರೆಸಿಹೋದ ಉಸಿರನ್ನು ವಾಪಸ್ ತರಲಾಗುವುದಿಲ್ಲ. ಬಿಟ್ಟುಬಿಟ್ಟೆ.

ಮಗಳಿಗೆ ಹೇಳಬೇಕೋ ಬೇಡವೋ ಅನ್ನುವುದು ಅವರಿಗೆ ದೊಡ್ಡ ಪ್ರಶ್ನೆಯಾಗಿತ್ತು. ಮನೆಯವರು “ಅವಳಿಗೂ ಗೊತ್ತಾಗಲಿ ಬಿಡಿ, ಇನ್ನೊಂದು ಸಲ ನೋಡಿ ತರ್ತಾಳೆ” ಅಂದರು. ಹೇಳಿದರು. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಅಪ್ಪ ನಾಲ್ಕು ತಿಂಗಳು ಹಾಡು ಕೇಳಲಿಲ್ಲ ಅಂತ ಗೊತ್ತಾದಾಗ ಮಾತ್ರ ಅತ್ತಳಂತೆ. ಆಮೇಲೆ ಅಲ್ಲಿನ ಹಳೆಯ ಸಾಮಾನಿನ ಅಂಗಡಿಯಲ್ಲಿ ಮೂಲ ಕಂಪನಿಯ ಬಳಸಿದ ಸಿಡಿಯನ್ನೇ ಹುಡುಕಿ ಕಳಿಸಿದಳು. ಅದರ ಬೆಲೆ ಡಬ್ಬಿಗಿಂತಲೂ ಕಡಿಮೆ.

ಈ ಪ್ರಕರಣದ ನಂತರ ನಾನು ಕೊಳ್ಳುವಾಗ ನೋಡುವ ಜಾಗಗಳೇ ಬದಲಾಗಿವೆ. ‘24 ಬಿಟ್ ರೀಮಾಸ್ಟರ್’ ಅಂತ ಬರೆದಿದ್ದರೆ ಅದು ಯಂತ್ರದ ಮಾತು, ಸದ್ದು ಎಲ್ಲಿಂದ ಬಂತು ಅನ್ನುವುದಲ್ಲ. ಹೊಸ ಎಲ್‌ಪಿಗಳ ಮೇಲಿನ ‘180 ಗ್ರಾಂ’ ಬರೀ ಪ್ಲೇಟಿನ ತೂಕ. ದುಬಾರಿ ಎಲ್‌ಪಿಯನ್ನೂ ಸಿಡಿಯಿಂದಲೇ ಕೊರೆದಿರಬಹುದು. ಹಿಂಬದಿಯಲ್ಲಿ ವೃತ್ತದೊಳಗೆ ‘ಪಿ’ ಅಕ್ಷರ ಇರುವ ಸಾಲಿನಲ್ಲಿ ಮೂಲ ಕಂಪನಿ ಅಥವಾ ಅದನ್ನು ಕೊಂಡ ಕಂಪನಿಯ ಹೆಸರಿದೆಯೇ ನೋಡುತ್ತೇನೆ. ಫೋನಿನಲ್ಲಿ ಹಾಡು ಕೇಳುವ ಆ್ಯಪ್‌ಗಳಲ್ಲೂ ಒಂದೇ ಆಲ್ಬಂ ಬೇರೆ ಬೇರೆ ಕಡೆಯಿಂದ ಬಂದಿರುತ್ತದೆ, ಆ ಸಾಲು ಅಲ್ಲೂ ಸಿಗುತ್ತದೆ. ಕೊಳ್ಳುವ ಮೊದಲು ಕೇಳಲು ಸಿಕ್ಕರೆ ಮೊದಲ ಹಾಡಲ್ಲ, ಹಳೆಯ ಎಲ್‌ಪಿಯ ಮಗ್ಗುಲು ಮುಗಿಯುವ ಹಾಡನ್ನು ಕೇಳುತ್ತೇನೆ. ಯಾರಾದರೂ ಮ್ಯೂಸಿಕ್ ಸಿಸ್ಟಂ ಸರಿಯಿಲ್ಲ ಅಂತ ಕರೆದರೆ, ಮೊದಲು ಸಿಡಿ ಬದಲಿಸಿ ಕೇಳಿ ಅನ್ನುತ್ತೇನೆ. ಸ್ಪೀಕರ್, ವೈರ್, ಪರದೆ, ಕಿವಿ ಎಲ್ಲ ಆಮೇಲೆ.

ಮೇಷ್ಟ್ರು ಈಗ ತಮ್ಮ ಹತ್ತಿರ ಇರುವ ಪಿ. ಕಾಳಿಂಗರಾಯರ ಹಳೆಯ ಭಾವಗೀತೆಗಳಿಗೂ ಹತ್ತಕ್ಕೆ ಅಂಕ ಹಾಕುತ್ತಿದ್ದಾರೆ. 78 ಆರ್‌ಪಿಎಂ ಪ್ಲೇಟುಗಳಿಂದ ಬಂದ ಆ ಹಾಡುಗಳಲ್ಲಿ, ಕರಕರ ಹಾಗೇ ಉಳಿಸಿದ ಪ್ರತಿಯಲ್ಲೇ ರಾಯರ ದನಿ ಹೆಚ್ಚು ಜೀವಂತವಾಗಿದೆ ಅನ್ನುತ್ತಾರೆ.

ಡಬ್ಬಿಯನ್ನು ಅವರು ಎಸೆಯಲಿಲ್ಲ. ಮಗಳು ಕೊಟ್ಟದ್ದು. ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿ, ಮೇಷ್ಟ್ರ ಅಕ್ಷರದಲ್ಲಿ ಬರೆದಿದ್ದಾರೆ: “1ನೇ ಸಿಡಿ: ಕೇಳಬೇಡಿ, ನನ್ನ ಹತ್ತಿರ ಬೇರೆ ಇದೆ, ಕೊಡುತ್ತೇನೆ. 2ನೇ ಸಿಡಿ: ಚೆನ್ನಾಗಿದೆ, ರಾತ್ರಿ ಕೇಳಿ. 3ನೇ ಸಿಡಿ: ಆಂಪ್ಲಿಫೈಯರಿನ ಮೋನೋ ಬಟನ್ ಒತ್ತಿ ಕೇಳಿ.” ನಾಲ್ಕನೆಯದರ ಮುಂದೆ ಜಾಗ ಖಾಲಿ ಬಿಟ್ಟಿದ್ದಾರೆ. ಅದನ್ನು ಇನ್ನೂ ಕೇಳುತ್ತಿದ್ದಾರೆ.